ಕಾಲು ಉಳುಕಿದರೆ ಉಜ್ಜಬೇಡಿ

ನಮ್ಮ ಚಿಕ್ಕಬಳ್ಳಾಪುರದ ಕಡೆ ಕಾಲು ಉಳುಕಿತೆಂದರೆ ‘ಹೋಗಿ ಉಳುಕು ತೆಗೆಸ್ಕೊಂಡು ಬಾ’ ಅನ್ನುತ್ತಾರೆ. ಒಳಗೆ ಏನೋ ಜರುಗಿದೆ, ಎಣ್ಣೆ ಹಚ್ಚಿ ನೀವಿ ಒಮ್ಮೆ ಎಳೆದರೆ ಅದು ಜಾಗಕ್ಕೆ ಬಂದು ಕೂರುತ್ತದೆ ಎಂಬ ನಂಬಿಕೆ ಆ ಮಾತಿನಲ್ಲೇ ಇದೆ. ಉಳುಕಿದ ಕಾಲಿನಲ್ಲಿ ಜರುಗಿದ್ದು ಏನೂ ಇರುವುದಿಲ್ಲ. ಮೂಳೆಗೂ ಮೂಳೆಗೂ ಕಟ್ಟು ಹಾಕಿದಂತಿರುವ ಲಿಗಮೆಂಟ್ ಎಂಬ ಗಟ್ಟಿ ಪಟ್ಟಿ ಹಿಗ್ಗಿರುತ್ತದೆ, ಇಲ್ಲವೇ ಅದರ ಎಳೆಗಳು ಹರಿದಿರುತ್ತವೆ. ಹರಿದದ್ದನ್ನು ಉಜ್ಜಿದರೆ ಇನ್ನಷ್ಟು ಹರಿಯುತ್ತದೆ, ಒಳಗೆ ಇನ್ನಷ್ಟು ರಕ್ತ ಸೋರುತ್ತದೆ.

ಇದನ್ನು ಬರೆಯಲು ನನಗೊಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಅಮ್ಮ ಹಿಪ್ಪುನೇರಳೆ ತೋಟದ ಬದುವಿನಿಂದ ಇಳಿಯುವಾಗ ಕಾಲು ಮಡಚಿಕೊಂಡು ಕೂತುಬಿಟ್ಟರು. ‘ಏನೂ ಇಲ್ಲ ಬುಡಕ್ಕ, ಉಳುಕೈತೆ ಅಷ್ಟೆ’ ಎಂದು ಪಕ್ಕದ ಮನೆಯವರು ಮೂರು ದಿನ ಕೊಬ್ಬರಿ ಎಣ್ಣೆ ಹಚ್ಚಿ ನೀವಿದರು. ಅವರದು ಒಳ್ಳೆಯ ಮನಸ್ಸು, ನಮಗೂ ತಿಳಿವಳಿಕೆ ಇರಲಿಲ್ಲ. ಒಂಬತ್ತನೇ ದಿನ ಎಕ್ಸ್‌ರೇ ತೆಗೆಸಿದಾಗ ಕಿರುಬೆರಳಿನ ಸಾಲಿನಲ್ಲಿ, ಪಾದದ ಹೊರ ಅಂಚಿನ ಮೂಳೆ ಬುಡದಲ್ಲಿ ಸೀಳಿತ್ತು. ಆ ಮೂರು ದಿನ ಅಮ್ಮ ಹಲ್ಲು ಕಚ್ಚಿ ತಡೆದುಕೊಂಡ ನೋವು ನೆನೆದರೆ ಈಗಲೂ ಸಂಕಟವಾಗುತ್ತದೆ.

ಮೊದಲು ಮಾಡಬೇಕಾದದ್ದು

ಕಾಲು ಉಳುಕಿದ ತಕ್ಷಣ ಕೂರಿ, ಚಪ್ಪಲಿ ಬಿಚ್ಚಿ. ಹೆಂಗಸರಾದರೆ ಆ ಕಾಲಿನ ಗೆಜ್ಜೆ, ಕಾಲುಂಗುರ ಕೂಡಲೇ ತೆಗೆಯಬೇಕು. ಅರ್ಧ ಗಂಟೆ ಕಳೆದರೆ ಊತ ಏರಿ ಕಾಲುಂಗುರ ಬೆರಳಿಗೆ ಕಚ್ಚಿಕೊಳ್ಳಬಹುದು, ಆಮೇಲೆ ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ‘ಮುತ್ತೈದೆ ಕಾಲುಂಗುರ ತೆಗೀಬಾರದು’ ಎಂದು ಹಿರಿಯರು ಅಡ್ಡ ಬಂದರೆ ಇನ್ನೊಂದು ಕಾಲಿನದು ಹಾಗೇ ಇರುತ್ತದೆ ಎಂದು ಸಮಾಧಾನ ಹೇಳಿ. ಸೋಪಿನ ನೀರು ಹಚ್ಚಿದರೆ ಸುಲಭವಾಗಿ ಜಾರುತ್ತದೆ.

ಉಳುಕೋ, ಮುರಿತವೋ?

ಇದೇ ಮುಖ್ಯ ಪ್ರಶ್ನೆ. ಇದಕ್ಕೆ ನಮ್ಮಲ್ಲಿರುವ ಪರೀಕ್ಷೆಗಳು ದಾರಿ ತಪ್ಪಿಸುತ್ತವೆ. ‘ಬೆರಳು ಆಡಿಸ್ತಾವ್ನೆ, ಮುರಿದಿಲ್ಲ’ ಅನ್ನುತ್ತಾರೆ. ಮೂಳೆ ಸೀಳಿದ್ದರೂ ಬೆರಳು ಆಡುತ್ತವೆ, ಅಮ್ಮನೂ ಆಡಿಸುತ್ತಿದ್ದರು. ‘ಕಟಕ್’ ಎಂಬ ಸದ್ದು ಲಿಗಮೆಂಟ್ ಹರಿದಾಗಲೂ ಬರಬಹುದು. ಊತದ ಗಾತ್ರ ನೋಡಿಯೂ ಹೇಳಲಾಗದು.

1992ರಲ್ಲಿ ಕೆನಡಾದ ಒಟ್ಟಾವಾ ನಗರದ ವೈದ್ಯರು ಯಾರಿಗೆ ಎಕ್ಸ್‌ರೇ ಬೇಕು ಎಂದು ತೀರ್ಮಾನಿಸಲು ಕೆಲವು ಸರಳ ನಿಯಮಗಳನ್ನು ಕೊಟ್ಟರು. ಇಂದಿಗೂ ಜಗತ್ತಿನ ಅನೇಕ ಕಡೆ ವೈದ್ಯರು ಅವನ್ನೇ ಬಳಸುತ್ತಾರೆ. ಮನೆಯಲ್ಲೂ ನೋಡಿಕೊಳ್ಳಬಹುದು. ಪಾದದ ಕೀಲಿನ ಎರಡೂ ಬದಿ ಉಬ್ಬಿದ ಗಿಣ್ಣು ಮೂಳೆ ಇದೆಯಲ್ಲ, ಅದರ ತುದಿಯಿಂದ ಮೇಲಕ್ಕೆ 6 ಸೆಂಟಿಮೀಟರ್ ತನಕ, ಮೂಳೆಯ ಹಿಂಬದಿಯ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿ. ಆಮೇಲೆ ಪಾದದ ಹೊರ ಅಂಚಿನ ನಡುಮಧ್ಯ ಉಬ್ಬಿದಂತಿರುವ ಮೂಳೆ. ನಂತರ ಪಾದದ ಒಳಬದಿ, ಗಿಣ್ಣಿನ ಸ್ವಲ್ಪ ಮುಂದೆ ಕೆಳಗಿರುವ ಮೂಳೆ. ಈ ಜಾಗಗಳಲ್ಲಿ ಎಲ್ಲಿಯಾದರೂ ಮೂಳೆಯ ಮೇಲೇ ಒತ್ತಿದಾಗ ನೋವಾದರೆ ಎಕ್ಸ್‌ರೇ ಬೇಕು. ಕುಂಟಿಕೊಂಡಾದರೂ ನಾಲ್ಕು ಹೆಜ್ಜೆ ಇಡಲಾಗದಿದ್ದರೂ ಎಕ್ಸ್‌ರೇ ಬೇಕು. ನೋವು ಮೂಳೆಯ ಮೇಲಲ್ಲದೆ ಹೊರ ಗಿಣ್ಣಿನ ಮುಂದಿನ ಮೆತ್ತನೆ ಜಾಗದಲ್ಲಿ ಮಾತ್ರ ಇದ್ದು, ನಡೆಯಲು ಆಗುತ್ತಿದ್ದರೆ ಬಹುತೇಕ ಅದು ಉಳುಕೇ.

ಚಿಕ್ಕ ಮಕ್ಕಳಿಗೆ ಈ ಲೆಕ್ಕ ಹಿಡಿಯಬೇಡಿ, ಅವರ ಮೂಳೆ ಬೆಳೆಯುವ ಜಾಗವೇ ಪೆಟ್ಟು ತಿಂದಿರಬಹುದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೂ ಇದು ಸಲ್ಲದು. ಅವರಿಗೆ ಮೂಳೆ ಮುರಿದರೂ ನೋವು ಗೊತ್ತಾಗದೆ ಇರಬಹುದು.

ಇನ್ನೆರಡು ಸೂಚನೆ ನೆನಪಿರಲಿ. ಅಂಗಾಲಿನಲ್ಲಿ ನೀಲಿಗಟ್ಟಿದ್ದರೆ ಪಾದದ ನಡುವಿನ ಕೀಲುಗಳಿಗೆ ಏಟಾಗಿರಬಹುದು. ಹಿಮ್ಮಡಿಯ ಮೇಲೆ ಹಿಂದಿನಿಂದ ಯಾರೋ ಒದ್ದಂತಾಗಿ, ಆಮೇಲೆ ತುದಿಗಾಲಲ್ಲಿ ನಿಲ್ಲಲಾಗದಿದ್ದರೆ ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ದಪ್ಪ ಹುರಿಯೇ (ಅಕಿಲಿಸ್ ಟೆಂಡನ್) ಕಿತ್ತಿರಬಹುದು. ಎರಡನ್ನೂ ಅದೇ ದಿನ ವೈದ್ಯರಿಗೆ ತೋರಿಸಬೇಕು. ಪಾದ ಸೊಟ್ಟಗಾಗಿದ್ದರೆ, ತಣ್ಣಗಾಗಿ ಬಿಳುಚಿದ್ದರೆ, ಗಾಯದಲ್ಲಿ ಮೂಳೆ ಕಾಣುತ್ತಿದ್ದರೆ ಬೈಕಿನಲ್ಲಿ ಕೂರಿಸಿಕೊಂಡು ಹೋಗಬೇಡಿ, 108ಕ್ಕೆ ಕರೆ ಮಾಡಿ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಎಕ್ಸ್‌ರೇ ಇರುವುದಿಲ್ಲ, ನೇರ ತಾಲ್ಲೂಕು ಆಸ್ಪತ್ರೆಗೆ ಹೋಗುವುದು ಲೇಸು. ಗಡಿ ದಾಟಿ ಆಂಧ್ರದ ಪುತ್ತೂರಿಗೆ ನಾಟಿ ಕಟ್ಟು ಹಾಕಿಸಲು ಹೋಗುವವರೂ ನಮ್ಮಲ್ಲಿದ್ದಾರೆ. ಹೋಗುವ ಮನಸ್ಸಿದ್ದರೂ ಮೊದಲು ಎಕ್ಸ್‌ರೇ ತೆಗೆಸಿ, ಮೂಳೆ ವೈದ್ಯರಿಗೆ ತೋರಿಸಿ ಎಂದು ಕೈಮುಗಿದು ಕೇಳುತ್ತೇನೆ.

ಮೊದಲ ಮೂರು ದಿನ

ಐಸನ್ನು ಒದ್ದೆ ಟವೆಲ್‌ನಲ್ಲಿ ಸುತ್ತಿ 15–20 ನಿಮಿಷ ಇಡಿ, ಎರಡು ಮೂರು ಗಂಟೆಗೊಮ್ಮೆ. ಬರಿ ಮೈಗೆ ಐಸ್ ಇಟ್ಟರೆ ಚರ್ಮ ಸುಟ್ಟಂತಾಗುತ್ತದೆ. ಐಸ್ ಇಲ್ಲದ ಮನೆಯಲ್ಲಿ ಮಡಕೆ ನೀರಿನಲ್ಲಿ ಅದ್ದಿದ ಬಟ್ಟೆ ಬದಲಿಸುತ್ತಾ ಇದ್ದರೂ ನೋವಿಗೆ ಹಿತ. ಕೂತಾಗ, ಮಲಗಿದಾಗ ಎರಡು ದಿಂಬು ಕೊಟ್ಟು ಕಾಲನ್ನು ಎದೆಮಟ್ಟಕ್ಕಿಂತ ಮೇಲಿಡಿ. ಊತ ಇಳಿಸಲು ಇದು ಬಹಳ ನೆರವಾಗುತ್ತದೆ, ಖರ್ಚೂ ಇಲ್ಲ.

ಹುಣಸೆಹಣ್ಣು ಉಪ್ಪು ಕುದಿಸಿದ ಬಿಸಿ ಪಟ್ಟು, ಬಿಸಿನೀರಿನ ಶಾಖ, ಎಣ್ಣೆ ನೀವುವುದು ಮೂರೂ ಈಗ ಬೇಡ. ಬಿಸಿಗೆ ರಕ್ತನಾಳ ಹಿಗ್ಗಿ ಊತ ಹೆಚ್ಚುತ್ತದೆ. ಕುಡಿತವೂ ಬೇಡ.

ಮೆಡಿಕಲ್ ಸ್ಟೋರಿನಲ್ಲಿ 4 ಇಂಚಿನ ಕ್ರೇಪ್ ಬ್ಯಾಂಡೇಜ್ ಸಿಗುತ್ತದೆ. ಪಾದವನ್ನು ನೇರ ನಿಂತಾಗ ಇರುವ ಕೋನದಲ್ಲೇ ಇಟ್ಟು, ಬೆರಳ ಬುಡದಿಂದ ಸುತ್ತಲು ಶುರು ಮಾಡಿ, ಕೀಲಿನ ಹತ್ತಿರ 8ರ ಆಕಾರದಲ್ಲಿ ಅಡ್ಡಡ್ಡ ತಂದು ಮೀನಖಂಡದ ಕೆಳಗೆ ಮುಗಿಸಿ. ಒಂದು ಸುತ್ತು ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚಬೇಕು. ಮೇಲಿನಿಂದ ಕೆಳಕ್ಕೆ ಸುತ್ತಿದರೆ ಊತವೆಲ್ಲ ಪಾದಕ್ಕೆ ಇಳಿಯುತ್ತದೆ. ಬೆರಳು ಹೊರಗೇ ಇರಲಿ, ಉಗುರನ್ನು ಒತ್ತಿ ಬಿಟ್ಟಾಗ ಎರಡು ಸೆಕೆಂಡಿನಲ್ಲಿ ಕೆಂಪು ಮರಳದಿದ್ದರೆ ಅಥವಾ ಬೆರಳು ಜುಮ್ಮೆಂದರೆ ಸಡಿಲಿಸಿ. ಮಲಗುವಾಗ ಬಿಚ್ಚಿಡಿ.

ನೋವಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತದೆ. ಡೈಕ್ಲೋಫೆನಾಕ್ ಮಾತ್ರೆಯನ್ನು ಹೊಟ್ಟೆ ಹುಣ್ಣು, ಮೂತ್ರಪಿಂಡದ ತೊಂದರೆ, ಹೃದಯದ ಕಾಯಿಲೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ನುಂಗಬಾರದು. ‘ಒಂದು ಸೂಜಿ ಹಾಕಿ ಸಾರ್, ನಾಳೆ ಟೊಮೆಟೊ ಬಿಡಿಸಬೇಕು’ ಎಂದು ಕೇಳುವವರ ಕಷ್ಟ ನನಗೆ ಗೊತ್ತು. ಸೂಜಿ ನೋವನ್ನು ಮರೆಸುತ್ತದೆ, ಹರಿದ ಎಳೆ ಹಾಗೇ ಇರುತ್ತದೆ. ಆ ಕಾಲಲ್ಲಿ ಬುಟ್ಟಿ ಹೊತ್ತರೆ ಮತ್ತೆ ಮಡಚುತ್ತದೆ.

ಆಮೇಲೆ

ತಿಂಗಳುಗಟ್ಟಲೆ ಮಂಚ ಹಿಡಿಯುವುದೂ ತಪ್ಪು. ಎರಡು ಮೂರು ದಿನದ ನಂತರ ನೋವು ತಡೆಯುವಷ್ಟು ನಡೆಯಲು ಶುರು ಮಾಡಿ. ಕೂತಲ್ಲೇ ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆಯಿರಿ. ದುಂಡು ದುಂಡಾದ ನಮ್ಮ ಅಕ್ಷರಗಳಿಗೆ ಕೀಲು ಎಲ್ಲ ದಿಕ್ಕಿಗೂ ತಿರುಗಬೇಕಾಗುತ್ತದೆ. ಮೂಳೆ ಕೂಡಿದ ಮೇಲೆ ಅಮ್ಮ ದಿನಾ ಸಂಜೆ ಜಗಲಿಯಲ್ಲಿ ಕೂತು ವರ್ಣಮಾಲೆ ಮುಗಿಸುತ್ತಿದ್ದರು.

ಒಂದು ಎರಡು ವಾರ ಕಳೆದು ನೋವು ತಗ್ಗಿದ ಮೇಲೆ ಗೋಡೆಯ ಪಕ್ಕ ನಿಂತು ಉಳುಕಿದ ಕಾಲೊಂದರಲ್ಲೇ 30 ಸೆಕೆಂಡ್ ನಿಲ್ಲುವುದನ್ನು ರೂಢಿಸಿ. ಹಲ್ಲುಜ್ಜುವಾಗ ಮಾಡಿದರೆ ಮರೆಯುವುದಿಲ್ಲ. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ, ಅದಕ್ಕೇ ಅದೇ ಕಾಲು ಮತ್ತೆ ಮತ್ತೆ ಉಳುಕುತ್ತದೆ. ಪಾದ ಎತ್ತ ವಾಲಿದೆ ಎಂದು ಮೆದುಳಿಗೆ ತಿಳಿಸುವ ನರಗಳೂ ಲಿಗಮೆಂಟಿನಲ್ಲಿರುತ್ತವೆ, ಅವಕ್ಕೂ ಪೆಟ್ಟಾಗಿರುತ್ತದೆ.

ಸಣ್ಣ ಉಳುಕು ಒಂದರಿಂದ ಮೂರು ವಾರದಲ್ಲಿ ಸರಿಹೋಗುತ್ತದೆ. ಅರ್ಧ ಹರಿದಿದ್ದರೆ ಆರು ವಾರದವರೆಗೆ, ಪೂರ್ತಿ ಹರಿದಿದ್ದರೆ ಕೆಲವು ತಿಂಗಳೇ ಬೇಕು. ಆರು ವಾರವಾದರೂ ಕಾಲು ‘ಕೈಕೊಡುತ್ತಿದ್ದರೆ’ ಫಿಸಿಯೋಥೆರಪಿಸ್ಟರನ್ನು ಕಾಣಿ. ನಡುವೆ ಮೀನಖಂಡ ಊದಿ ಬಿಗಿದು ನೋಯತೊಡಗಿದರೆ ರಕ್ತ ಹೆಪ್ಪುಗಟ್ಟಿರಬಹುದು, ತಡಮಾಡದೆ ಆಸ್ಪತ್ರೆಗೆ ಹೋಗಿ.

ನಂದಿಬೆಟ್ಟದ ಮೆಟ್ಟಿಲು, ಸ್ಕಂದಗಿರಿಯ ಕಲ್ಲುದಾರಿಗೆ ಮರಳುವ ಮುನ್ನ ಆ ಕಾಲಲ್ಲೇ ಕುಪ್ಪಳಿಸಿ ನೋಡಿ, ನೋವಿಲ್ಲದಿದ್ದರೆ ಹೊರಡಿ. ಇಳಿಯುವಾಗ ಹೆಚ್ಚು ಜೋಪಾನ. ಪಾದ ಕೆಳಮುಖವಾದಾಗ ಕೀಲಿನ ಮೂಳೆಗಳ ಹಿಡಿತ ಸಡಿಲವಾಗಿ, ಭಾರವೆಲ್ಲ ಕೀಲಿನ ಹೊರಬದಿಯ ಲಿಗಮೆಂಟಿನ ಮೇಲೇ ಬೀಳುತ್ತದೆ.