ನಕ್ಷತ್ರಕಳ್ಳಿಯನ್ನು ಬೀಜದಿಂದ ಬೆಳೆಸುವ ಕ್ರಮ

ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಟಾರ್ ಕೌಂಟಿ ಮತ್ತು ಅದಕ್ಕೆ ಹೊಂದಿಕೊಂಡ ಈಶಾನ್ಯ ಮೆಕ್ಸಿಕೋದ ಕುರುಚಲು ಕಾಡುಗಳಲ್ಲಿ ಮಾತ್ರ ಸಹಜವಾಗಿ ಬೆಳೆಯುವ ನಕ್ಷತ್ರಕಳ್ಳಿ, ಅಂದರೆ ಆಸ್ಟ್ರೋಫೈಟಮ್ ಆಸ್ಟೀರಿಯಾಸ್, ಮುಳ್ಳಿಲ್ಲದ, ಸಾಮಾನ್ಯವಾಗಿ 8 ಏಣುಗಳುಳ್ಳ ಚಪ್ಪಟೆ ಗಿಡ. ಅಮೆರಿಕ ಇದನ್ನು 1993ರಲ್ಲಿ ಅಳಿವಿನಂಚಿನ ಸಸ್ಯವೆಂದು ಘೋಷಿಸಿತು. ಕಾಡಿನಿಂದ ಕಿತ್ತ ಗಿಡವನ್ನು ಎಷ್ಟೇ ಅಗ್ಗವಾಗಿ ಸಿಕ್ಕರೂ ಕೊಳ್ಳಬಾರದು. ನರ್ಸರಿಯಲ್ಲಿ ಬೆಳೆದ ಗಿಡಗಳ ಬೀಜವನ್ನೇ ಕೇಳಿ ಪಡೆಯಬೇಕು.

ಬೀಜ ಹಳೆಯದಾದಷ್ಟೂ ಮೊಳಕೆಯ ಶಕ್ತಿ ಕುಂದುವುದರಿಂದ ತಾಜಾ ಬೀಜವನ್ನೇ ಆರಿಸಿ. ದಪ್ಪ ಮರಳು, ಇಟ್ಟಿಗೆಯ ಸಣ್ಣ ಚೂರು ಮತ್ತು ಸ್ವಲ್ಪವೇ ಎಲೆಗೊಬ್ಬರ ಬೆರೆಸಿ, ಹಬೆಯಲ್ಲಿ ಬೇಯಿಸಿ ಆರಿಸಿದ ಮಿಶ್ರಣದ ಮೇಲೆ ಬೀಜಗಳನ್ನು ಹೂಳದೆ ಇರಿಸಿ, ತಳದಿಂದ ನೀರು ಹೀರಿಸಿ, ಕುಂಡಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಬೇಕು. 25ರಿಂದ 30 ಡಿಗ್ರಿ ಸೆಲ್ಸಿಯಸ್ ಬೆಚ್ಚನೆಯಲ್ಲಿ ಕೆಲವೇ ದಿನಗಳಲ್ಲಿ ಮೊಳಕೆ ಕಾಣುತ್ತದೆ. ಮುಚ್ಚಳವನ್ನು ಒಮ್ಮೆಲೇ ತೆಗೆಯದೆ ಕೆಲವು ವಾರಗಳಲ್ಲಿ ಕ್ರಮೇಣ ಸರಿಸಿ.

ತವರಿನಲ್ಲಿ ಇದು ಪೊದೆಗಳ ನೆರಳಿನಲ್ಲಿ ಬದುಕುವ ಗಿಡವಾದ್ದರಿಂದ ಸಸಿಗಳಿಗೆ ಸೋಸಿದ ಬೆಳಕು ಸಾಕು. ಈ ಗಿಡ ಸಾಯುವುದು ಬಹುಮಟ್ಟಿಗೆ ಬೇರು ಕೊಳೆತದಿಂದಲೇ. ಮಣ್ಣು ಪೂರ್ತಿ ಒಣಗಿದ ಮೇಲೆಯೇ ನೀರುಣಿಸಿ, ನಮ್ಮ ಮುಂಗಾರಿನ ತಿಂಗಳುಗಳಲ್ಲಿ ಸೂರಿನಡಿ ಇಡಿ, ಚಳಿಗಾಲದಲ್ಲಿ ನೀರನ್ನು ಬಹುತೇಕ ನಿಲ್ಲಿಸಿ. ಒಂದೇ ಗಿಡ ತನ್ನ ಪರಾಗದಿಂದ ಬೀಜ ಕಟ್ಟುವುದಿಲ್ಲ. ಆದ್ದರಿಂದ ಬೇರೆ ಬೇರೆ ಬೀಜದಿಂದ ಹುಟ್ಟಿದ ಎರಡಾದರೂ ಗಿಡಗಳನ್ನು ಉಳಿಸಿಕೊಂಡು, ಹಳದಿ ಹೂಗಳು ಒಟ್ಟಿಗೆ ಅರಳಿದ ದಿನ ಮೃದುವಾದ ಕುಂಚದಿಂದ ಪರಾಗವನ್ನು ಒಂದರಿಂದ ಇನ್ನೊಂದಕ್ಕೆ ಸವರಬೇಕು.