ಆರೇ ಚೀಲ ತೂಗಿ ಯಂತ್ರ ತಪ್ಪೆನ್ನಬಹುದೇ?

ಗಂಗಾವತಿ, ಕಾರಟಗಿ ಕಡೆಯ ಮಿಲ್ಲೊಂದರಲ್ಲಿ ಸೋನಾ ಮಸೂರಿ ಅಕ್ಕಿ 25 ಕೆಜಿ ಚೀಲಕ್ಕೆ ಬೀಳುತ್ತಿದೆ ಎನ್ನಿ. ತುಂಬುವ ಯಂತ್ರ ಸರಿಯಿದೆಯೋ ಇಲ್ಲವೋ ತಿಳಿಯಬೇಕು. ಕಡಿಮೆ ಬಿದ್ದರೆ ಗಿರಾಕಿಗೆ ಮೋಸ, ಹೆಚ್ಚು ಬಿದ್ದರೆ ಮಿಲ್ಲಿಗೆ ನಷ್ಟ. ಆದ್ದರಿಂದ ಪರೀಕ್ಷೆ ಎರಡೂ ಬದಿಯದು. ತೂಗುವ ಮುಂಚೆಯೇ ಇದನ್ನು ಬರೆದಿಡಿ: ಶೂನ್ಯ ಪ್ರಾಕಲ್ಪನೆ (ವಿರುದ್ಧ ಸಾಕ್ಷಿ ಸಿಗುವವರೆಗೆ ಹಿಡಿದುಕೊಳ್ಳುವ ಮಾತು) ‘ಸರಾಸರಿ ನಿವ್ವಳ ತೂಕ 25 ಕೆಜಿ’, ಮಟ್ಟ 5%, ಅಂದರೆ ಸರಿಯಿರುವ ಯಂತ್ರವನ್ನು ತಪ್ಪೆನ್ನುವ ಅಪಾಯ ನೂರಕ್ಕೆ ಐದು.

ಬೆನ್ನುಬೆನ್ನಿಗೆ ಬಂದ ಆರು ಚೀಲ ಎತ್ತಿಕೊಳ್ಳಬೇಡಿ. ಪಕ್ಕಪಕ್ಕದ ಚೀಲಗಳು ಒಂದನ್ನೊಂದು ಹೋಲುವುದೇ ಹೆಚ್ಚು. ಆಗ ಆರು ಚೀಲ ಆರು ಸಾಕ್ಷಿಯಾಗುವುದಿಲ್ಲ. ಇಡೀ ಪಾಳಿಯ ಚೀಲಗಳಿಗೆ ನಂಬರು ಕೊಟ್ಟು ಚೀಟಿ ಎತ್ತಿ. ಖಾಲಿ ಚೀಲದ ತೂಕ ಕಳೆಯಿರಿ. ಕಾಂಟಾದ ಮೇಲೆ ಮೊದಲು ಮುದ್ರೆಯ ತೂಕದ ಕಲ್ಲಿಟ್ಟು ನೋಡಿ. ಕಾಂಟಾವೇ 30 ಗ್ರಾಂ ತಪ್ಪಿದ್ದರೆ ಮುಂದಿನ ಯಾವ ಸೂತ್ರವೂ ಅದನ್ನು ಹಿಡಿಯದು.

ಲೆಕ್ಕ ತೋರಿಸಲು ಈ ಅಂಕಿಗಳು ಇರಲಿ: 25.00, 24.90, 25.01, 24.94, 24.99, 24.92 ಕೆಜಿ. ಸರಾಸರಿ 24.96, ಅಂದರೆ 40 ಗ್ರಾಂ ಕಡಿಮೆ.

ಈಗ ಪ್ರತಿ ಚೀಲ ಸರಾಸರಿಯಿಂದ ಎಷ್ಟು ದೂರ ಎಂದು ಗ್ರಾಂನಲ್ಲಿ ಬರೆಯಿರಿ: 40, −60, 50, −20, 30, −40. ಕೂಡಿದರೆ ಸೊನ್ನೆ ಬರಲೇಬೇಕು. ಬರದಿದ್ದರೆ ಸರಾಸರಿಯಲ್ಲೋ ಕಳೆಯುವಲ್ಲೋ ತಪ್ಪಾಗಿದೆ. ವರ್ಗಗಳ ಮೊತ್ತ 10,600. ಇದನ್ನು 6ರಿಂದಲ್ಲ, 5ರಿಂದ ಭಾಗಿಸಿ: 2,120. ವರ್ಗಮೂಲ 46.0 ಗ್ರಾಂ, ಇದೇ ಮಾನಕ ವಿಚಲನೆ, ಚೀಲದಿಂದ ಚೀಲಕ್ಕೆ ತೂಕ ಎಷ್ಟು ಏರಿಳಿಯುತ್ತದೆ ಎಂಬ ಅಳತೆ. ನಿಜವಾದ ಸರಾಸರಿ ನಮಗೆ ಗೊತ್ತಿಲ್ಲದೆ ಇದೇ ಆರು ಅಂಕಿಗಳಿಂದ ತೆಗೆದದ್ದರಿಂದ ದೂರಗಳು ಇರಬೇಕಾದ್ದಕ್ಕಿಂತ ಚಿಕ್ಕದಾಗಿ ಕಾಣುತ್ತವೆ. ಒಂದು ಕಳೆಯುವುದು ಅದಕ್ಕೇ. ಆರರ ವರ್ಗಮೂಲದಿಂದ 46.0 ಅನ್ನು ಭಾಗಿಸಿದರೆ ಮಾನಕ ದೋಷ 18.8 ಗ್ರಾಂ, ಆರು ಚೀಲದ ಸರಾಸರಿಯೇ ಎಷ್ಟು ಅತ್ತಿತ್ತಾಗಬಹುದು ಎಂಬ ಅಂದಾಜು.

ಹೆಚ್ಚಿನವರು ಎಡವುವುದು ಇಲ್ಲಿ. ದೊಡ್ಡ ಸ್ಯಾಂಪಲ್‌ಗೆ ಹೊಂದುವ, ಬಾಯಿಪಾಠವಾದ 1.96ರಿಂದ ಮಾನಕ ದೋಷವನ್ನು ಗುಣಿಸಿದರೆ 37 ಗ್ರಾಂ, ಸರಾಸರಿಯ ಎರಡೂ ಬದಿಗೆ ಅಷ್ಟು ಬಿಟ್ಟರೆ 24.923ರಿಂದ 24.997 ಕೆಜಿ. 25 ಹೊರಗುಳಿಯಿತು, ‘ಯಂತ್ರ ತಪ್ಪು’ ಎಂದುಬಿಡುತ್ತೇವೆ. ಆದರೆ ಆರು ಚೀಲದಿಂದ ಅಂದಾಜಿಸಿದ ವಿಚಲನೆಯೇ ಅಲುಗಾಡುವಂಥದ್ದು. ಅದಕ್ಕೆ ಬೆಲೆ ತೆರಬೇಕು. ಆ ಬೆಲೆಯೇ ಟಿ ಕೋಷ್ಟಕ, ಚಿಕ್ಕ ಸ್ಯಾಂಪಲ್‌ಗೆ 1.96ರ ಬದಲು ದೊಡ್ಡ ಗುಣಕ ಕೊಡುವ ಪಟ್ಟಿ. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಲ್ಲಿ ಇದರ ಹಿಂದಿನ ಲೆಕ್ಕವನ್ನು ಪ್ರಕಟಿಸಿದ. ಕೈಗೆ ಸಿಗುವ ಸ್ಯಾಂಪಲ್ ಚಿಕ್ಕದು ಎಂಬ ತೊಡಕು ಅವನದೂ ಆಗಿತ್ತು.

5 ಸ್ವಾತಂತ್ರ್ಯಾಂಕದ (ಚೀಲಗಳ ಸಂಖ್ಯೆಗಿಂತ ಒಂದು ಕಡಿಮೆ) ಸಾಲಿನಲ್ಲಿ 95% ಗೆ ಸಿಗುವುದು 2.571. 18.8 ಗುಣಿಸು 2.571, ಸುಮಾರು 48 ಗ್ರಾಂ. ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಸರಾಸರಿಗೆ ನಾವು ಅಂದಾಜಿಸುವ ವ್ಯಾಪ್ತಿ) 24.912ರಿಂದ 25.008 ಕೆಜಿ, 25 ಒಳಗೇ ಇದೆ. ಪರೀಕ್ಷೆಯೂ ಅದನ್ನೇ ಹೇಳುತ್ತದೆ: −40 ಭಾಗಿಸು 18.8, ಟಿ = −2.13, ಚಿಹ್ನೆ ಬಿಟ್ಟರೆ 2.571ಕ್ಕಿಂತ ಕಡಿಮೆ. ಶೂನ್ಯ ಪ್ರಾಕಲ್ಪನೆಯನ್ನು ತಳ್ಳಿಹಾಕಲು ಸಾಕ್ಷಿ ಸಾಲದು.

ಹಾಗೆಂದು ಯಂತ್ರ ಸರಿಯಿದೆ ಎಂದು ಬರೆದುಕೊಡಬೇಡಿ. 88 ಗ್ರಾಂ ಕೊರತೆಯೂ ಆ ಇಂಟರ್ವಲ್‌ನೊಳಗೇ ಇದೆಯಲ್ಲ! 95% ಎಂಬುದು ವಿಧಾನದ ಗುಣ: ಹೀಗೆಯೇ ಮತ್ತೆ ಮತ್ತೆ ಸ್ಯಾಂಪಲ್ ತೆಗೆದರೆ ನೂರರಲ್ಲಿ ಸುಮಾರು 95 ಇಂಟರ್ವಲ್‌ಗಳು ನಿಜವಾದ ಸರಾಸರಿಯನ್ನು ಹಿಡಿಯುತ್ತವೆ. ನಿಮ್ಮ ಕೈಲಿರುವುದು ಆ ತೊಂಬತ್ತೈದರಲ್ಲಿ ಒಂದೋ ಅಲ್ಲವೋ ಎಂದು ಅದು ಹೇಳದು.

ಕಡಿಮೆ ಬಿದ್ದಿದೆಯೇ ಎಂದಷ್ಟೇ ಕೇಳುವ ಒಂದು ಬದಿಯ ಕೋಷ್ಟಕದಲ್ಲಿ ಗಡಿ 2.015, ಅದನ್ನು ಹಿಡಿದರೆ ಇದೇ 2.13 ದಾಟಿಬಿಡುತ್ತದೆ. ಅಂಕಿ ನೋಡಿದ ಮೇಲೆ ಅಲ್ಲಿಗೆ ಜಿಗಿಯುವುದು ಲೆಕ್ಕವಲ್ಲ, ವಂಚನೆ.

ಅನುಮಾನ ಉಳಿದರೆ ಎಷ್ಟು ಚೀಲ ಎಂದು ಮೊದಲೇ ನಿಗದಿಮಾಡಿ ಹೊಸದಾಗಿ ತೂಗಿ, 20 ಇರಲಿ. ಸರಾಸರಿ, ವಿಚಲನೆ ಇಷ್ಟೇ ಬಂದರೆ ಮಾನಕ ದೋಷ 10.3ಕ್ಕೆ ಇಳಿಯುತ್ತದೆ, ಗುಣಕ 2.093, ಅಂತರ 22 ಗ್ರಾಂ. ಆಗ 40 ಗ್ರಾಂ ಕೊರತೆ ಸ್ಪಷ್ಟವಾಗಿ ಎದ್ದು ಕಾಣುತ್ತದೆ. ನಡುವೆ ಒಂದು ಚೀಲ 24.20 ತೂಗಿದರೆ ಸುಮ್ಮನೆ ಹೊಡೆದುಹಾಕಬೇಡಿ. ಹೊಲಿಗೆ ಬಿಚ್ಚಿ ಅಕ್ಕಿ ಸೋರಿತ್ತು ಎಂಬಂಥ ಕಾರಣ ಕಣ್ಣಿಗೆ ಕಂಡರೆ ಮಾತ್ರ ಬಿಡಿ, ಬಿಟ್ಟದ್ದನ್ನು ಕಾರಣದ ಸಮೇತ ಅದೇ ಹಾಳೆಯಲ್ಲಿ ಬರೆಯಿರಿ.