ಹೊಸಬರಿಗೆ ಮಾರ್ಗದರ್ಶಿ: ನ್ಯೂಜೆರ್ಸಿಯಲ್ಲಿ ಓಟು, ಪಕ್ಷ, ಪ್ರೈಮರಿ

ಎಲ್ಲಕ್ಕಿಂತ ಮೊದಲು: ಲೈಸೆನ್ಸ್ ಕಚೇರಿ

ಡ್ರೈವಿಂಗ್ ಲೈಸೆನ್ಸಿಗೆ ಹೋದಾಗಲೇ ಮತದಾರರ ನೋಂದಣಿಯ ಪ್ರಶ್ನೆಯೂ ಬರುತ್ತದೆ. 1993ರ ಕಾನೂನೇ ಹಾಗೆ. ಊರಲ್ಲಿ ವೋಟರ್ ಐಡಿ ಎಂದರೆ ಸಿಮ್ ಕಾರ್ಡಿನಿಂದ ಹಿಡಿದು ಎಲ್ಲಕ್ಕೂ ಆಗಿಬರುವ ದಾಖಲೆ, 'ಇರಲಿ ಬಿಡಿ' ಎಂದು ಟಿಕ್ ಹಾಕುವ ಅಭ್ಯಾಸ ನಮ್ಮದು. ಇಲ್ಲಿ ಹಾಕಬೇಡಿ. ಎಚ್-1ಬಿ, ಎಚ್-4, ಎಫ್-1 ವೀಸಾದವರಿರಲಿ, ಗ್ರೀನ್ ಕಾರ್ಡಿನವರಿಗೂ ಓಟಿಲ್ಲ. 'ನಾನು ಅಮೆರಿಕದ ಪ್ರಜೆ' ಎಂಬ ಸಾಲಿಗೆ ಸಹಿ ಬಿದ್ದರೆ, ಮತಗಟ್ಟೆಯ ಮುಖ ನೋಡದಿದ್ದರೂ ಮಾತು ಗಡೀಪಾರಿನವರೆಗೆ ಹೋಗಬಹುದು. ಪೌರತ್ವದ ಎನ್-400 ಅರ್ಜಿ 'ಎಂದಾದರೂ ನೋಂದಾಯಿಸಿದ್ದೀರಾ?' ಎಂದೇ ಕೇಳುತ್ತದೆ. 'ಕೌಂಟರಿನವರೇ ಒತ್ತಿದ್ದು' ಎಂಬ ಸಮಜಾಯಿಷಿ ನಂಬಿಕೊಂಡು ಕೂರಬೇಡಿ. ಆಗಿಹೋಗಿದ್ದರೆ ಮೊದಲು ವಲಸೆ ವಕೀಲರು, ಆಮೇಲೆ ಹೆಸರು ತೆಗೆಯಲು ಕೌಂಟಿಯ (ಇಲ್ಲಿನ ಜಿಲ್ಲೆ) ಚುನಾವಣಾ ಕಚೇರಿಗೆ ಪತ್ರ, ಪ್ರತಿ ಜೋಪಾನ.

ಓಟಿಗೆ ಪೌರತ್ವದ ಇಂಟರ್‌ವ್ಯೂ ಪಾಸಾದರೆ ಸಾಲದು, ಪ್ರಮಾಣವಚನ ಮುಗಿಯಬೇಕು. ನೋಂದಣಿಗೆ ಪೌರತ್ವ ಪತ್ರದಲ್ಲಿರುವ ಹೆಸರನ್ನೇ ಬರೆಯಿರಿ. ಇನಿಷಿಯಲ್ ಹಿಂದೆ ಮುಂದೆ ಮಾಡಬೇಡಿ. ಮತದಾನಕ್ಕೆ 21 ದಿನ ಮೊದಲೇ ಮುಗಿಸಿ.

ದುಡ್ಡು

ಗ್ರೀನ್ ಕಾರ್ಡಿನವರು ಅಭ್ಯರ್ಥಿಗೆ ದೇಣಿಗೆ ಕೊಡಬಹುದು. ವೀಸಾದವರು 5 ಡಾಲರ್ ಕೂಡ ಕೊಡುವಂತಿಲ್ಲ.

ಪಕ್ಷ

ಇಲ್ಲಿ ಹೈಕಮಾಂಡ್ ಇಲ್ಲ, ಬಿ-ಫಾರಂ ಇಲ್ಲ, ಸದಸ್ಯತ್ವಕ್ಕೆ ಚಂದಾ ಇಲ್ಲ. ಟಿಕೆಟ್ ಕೊಡುವವರು ಜೂನಿನ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ಓಟು ಹಾಕುವ ಸಾಮಾನ್ಯ ಮತದಾರರು. ನಮ್ಮವರೋ ನವೆಂಬರಿನಲ್ಲಿ ಸಾಲುಗಟ್ಟುತ್ತಾರೆ, ಜೂನಿನಲ್ಲಿ ಊರಿನ ವಿಮಾನದ ದರ ನೋಡುತ್ತಾ ಕೂತಿರುತ್ತಾರೆ! ಒಂದೇ ಪಕ್ಷ ಬಲವಾಗಿರುವ ಕ್ಷೇತ್ರದಲ್ಲಿ ನವೆಂಬರ್ ಬರೀ ಶಾಸ್ತ್ರ. ನಮ್ಮ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಮಿಷಿಗನ್‌ನ 13ನೇ ಕ್ಷೇತ್ರ ಗೆದ್ದದ್ದು ಹೀಗೆಯೇ: ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಒಂಬತ್ತು ಮಂದಿ, ಅವರಿಗೆ ಬಿದ್ದದ್ದು ಸುಮಾರು ಶೇ. 28. ಅಷ್ಟು ಸಾಕಾಯಿತು.

ನೋಂದಣಿಯಲ್ಲಿ ಪಕ್ಷದ ಜಾಗ ಖಾಲಿ ಬಿಟ್ಟವರು ಪ್ರೈಮರಿ ದಿನ ಮತಗಟ್ಟೆಯಲ್ಲೇ ಒಂದು ಪಕ್ಷ ಹೇಳಬಹುದು. ಅಂದಿನಿಂದ ದಾಖಲೆಯಲ್ಲಿ ಆ ಪಕ್ಷದವರೇ. ಡೆಮಾಕ್ರಟ್‌ನಿಂದ ರಿಪಬ್ಲಿಕನ್‌ಗೋ, ಅತ್ತಲಿಂದ ಇತ್ತಲೋ ಹಾರಬೇಕಾದರೆ ಪ್ರೈಮರಿಗೆ 55 ದಿನ ಮೊದಲೇ ಅರ್ಜಿ. ನವೆಂಬರಿನಲ್ಲಿ ಈ ಕಟ್ಟುಪಾಡಿಲ್ಲ, ಯಾರಿಗಾದರೂ ಹಾಕಿ.

ಅಂಚೆ ಮತ

ಒಳಲಕೋಟೆಗೆ ಅಂಟಿಕೊಂಡಿರುವ ಪ್ರಮಾಣಪತ್ರದ ಚೀಟಿಯನ್ನು ಚೊಕ್ಕ ಮಾಡುವ ಉತ್ಸಾಹದಲ್ಲಿ ಹರಿಯಬೇಡಿ. ಹರಿದರೆ ಮತ ತಿರಸ್ಕಾರವಾದೀತು. ಅದರ ಮೇಲಿನ ಸಹಿ ನೋಂದಣಿಯ ಸಹಿಗೆ ಹೊಂದಬೇಕು. ಅಲ್ಲಿ ಕನ್ನಡದಲ್ಲಿ ಹಾಕಿದ್ದರೆ ಇಲ್ಲೂ ಕನ್ನಡವೇ. ಗಂಡ ಹೆಂಡತಿ ಲಕೋಟೆ ಅದಲುಬದಲಾಗದಂತೆ ನೋಡಿಕೊಳ್ಳಿ. ಡ್ರಾಪ್ ಬಾಕ್ಸಿಗಾದರೆ ಮತದಾನದ ದಿನ ರಾತ್ರಿ 8ರೊಳಗೆ.

ಉಳಿದದ್ದು

- ಮತದಾನ: ನವೆಂಬರಿನ ಮೊದಲ ಸೋಮವಾರದ ಮರುದಿನ, ಬೆಳಿಗ್ಗೆ 6ರಿಂದ
- ಹೌಸ್ (ಸಂಸತ್ತಿನ ಕೆಳಮನೆ): 435 ಸ್ಥಾನ, ಅವಧಿ ಎರಡು ವರ್ಷ
- ಸೆನೆಟ್ (ಮೇಲ್ಮನೆ): 100 ಸ್ಥಾನ, ಅವಧಿ ಆರು ವರ್ಷ
- ಅಧ್ಯಕ್ಷ: ಗೆಲ್ಲಲು 538 ಎಲೆಕ್ಟರುಗಳಲ್ಲಿ (ಅಧ್ಯಕ್ಷರನ್ನು ಆರಿಸುವ ರಾಜ್ಯಗಳ ಪ್ರತಿನಿಧಿಗಳು) 270
- ನಮ್ಮ ಗವರ್ನರ್: ಬೆಸ ವರ್ಷದಲ್ಲಿ
- ಬೆರಳಿಗೆ ಶಾಯಿ ಇಲ್ಲ

ರಾಜ್ಯೋತ್ಸವದ ವೇದಿಕೆ

ನವೆಂಬರ್ 1ರ ಹಬ್ಬ, ಅದರ ಬೆನ್ನಿಗೇ ಚುನಾವಣೆ. ಅಭ್ಯರ್ಥಿಗಳು ಶಾಲು ಹೊದೆಸಿಕೊಳ್ಳಲು ತಾವಾಗಿಯೇ ಬರುತ್ತಾರೆ. ನಮ್ಮ ಕನ್ನಡ ಕೂಟ 501(ಸಿ)(3), ಅಂದರೆ ತೆರಿಗೆ ವಿನಾಯಿತಿಯ ಸೇವಾ ಸಂಸ್ಥೆ, ಯಾವ ಅಭ್ಯರ್ಥಿಯ ಪರವೂ ನಿಲ್ಲುವಂತಿಲ್ಲ. ನಿಂತರೆ ಆ ವಿನಾಯಿತಿಗೇ ಕುತ್ತು. ಪಕ್ಷ ಹೆಸರಿಸದ ನೋಂದಣಿ ಮೇಜು ಹಾಕಬಹುದು, ಹಾಕುತ್ತೇವೆ. ಅಭ್ಯರ್ಥಿಯ ಬ್ಯಾಡ್ಜ್ ಸಿಕ್ಕಿಸಿಕೊಂಡು ಬಂದವರು ಅದನ್ನು ಕಾರಿನಲ್ಲೇ ಬಿಟ್ಟು ಒಳಗೆ ಬನ್ನಿ.